ದುರ್ಬೀನಿಗೊಂದು ಕವರು

೧೧ ಫೆಬ್ರವರಿ ೨೦೦೨, ಸೋಮವಾರ

ಇವತ್ತಿನಿಂದ ನಾನು ಮಲಗಿಕೊಂಡೇ ಇರಬೇಕು. ಡಾಕ್ಟರಮ್ಮ ಜರ್ಮನ್‌ನಲ್ಲಿ ಹೇಳಿದರು, ಇವರು ಅದನ್ನು ಕನ್ನಡದಲ್ಲಿ ಹೇಳಿದರು, ಯಾವ ಭಾಷೆಯಲ್ಲಿ ಕೇಳಿದರೂ ಸುದ್ದಿ ಒಂದೇ. ಸ್ನಾನಕ್ಕೆ ಏಳಬಹುದು, ಊಟಕ್ಕೆ ದಿಂಬಿಗೆ ಒರಗಿ ಕೂರಬಹುದು, ಉಳಿದ ಹೊತ್ತೆಲ್ಲ ಹಾಸಿಗೆ. ಗರ್ಭಕೋಶದ ಬಾಯಿ ಸಡಿಲವಾಗಿದೆಯಂತೆ. ಹೋದ ಸಲ ಮೈಸೂರಿನಲ್ಲಿ ಮಗು ಉಳಿಯದೆ ಹೋದದ್ದು ಐದು ತಿಂಗಳು ತುಂಬುವ ಹೊತ್ತಿಗೆ. ಈಗ ಮತ್ತೆ ಐದನೆಯ ತಿಂಗಳು. ನನಗೆ ಭಯವಾಗಿದೆ. ಯಾರೂ ಓದದ ಪುಸ್ತಕದಲ್ಲಿ ಬರೆಯಲು ನಾಚಿಕೆ ಏನು, ಬಹಳ ಭಯವಾಗಿದೆ.

ಇವತ್ತು ಈ ಜರ್ಮನರ ಊರಿನಲ್ಲಿ ವೇಷ ಹಾಕುವ ಹಬ್ಬ. ಕ್ಲಿನಿಕ್ಕಿನಲ್ಲಿ ಚೀಟಿ ಕೊಡುವ ಹುಡುಗಿ ಮುಖಕ್ಕೆ ಬೆಕ್ಕಿನ ಮೀಸೆ ಬರೆದುಕೊಂಡು ಕೂತಿದ್ದಳು. ಆ ಮೀಸೆಯಲ್ಲೇ ಬಹಳ ಮರುಕದಿಂದ ನನ್ನ ಕೈ ಹಿಡಿದುಕೊಂಡಳು. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಮನೆಗೆ ಬಂದ ಮೇಲೆ ರಾಯರು ಹಾಸಿಗೆಯನ್ನು ಹಜಾರದ ಕಿಟಕಿಯ ಪಕ್ಕಕ್ಕೆ ಎಳೆದು ಹಾಕಿದರು. ಆಫೀಸಿನಲ್ಲಿ ಇವರಿಗೆ 'ಹಾನು' ಎಂದು ಹೆಸರು, ಹನುಮಂತರಾಯ ಎಂದು ಪೂರ್ತಿ ಹೇಳುವಷ್ಟು ಬಿಡುವು ಜರ್ಮನರಿಗಿಲ್ಲ. ಅವರು ಹಿಂದಿನದನ್ನು ಕತ್ತರಿಸಿದರು, ಮದುವೆಯಾದ ದಿನವೇ ನಾನು ಮುಂದಿನದನ್ನು ಕತ್ತರಿಸಿ ರಾಯರು ಮಾಡಿಕೊಂಡೆ. ಪಾಪ, ಪೂರ್ತಿ ಹೆಸರು ಉಳಿದಿರುವುದು ಗ್ರೀನ್ ಕಾರ್ಡಿನ ಮೇಲೆ ಮಾತ್ರ.

ನನ್ನ ಹೊತ್ತು ಹೋಗಲಿ ಎಂದು ಸಂಜೆ ಒಂದು ಬೈನಾಕ್ಯುಲರ್ ತಂದುಕೊಟ್ಟರು. ನಮ್ಮ ತಂದೆ ಅದನ್ನು ದುರ್ಬೀನು ಅನ್ನುತ್ತಿದ್ದರು, ನನಗೂ ಹಾಗೆ ಅಂದರೇ ಇಷ್ಟ. ನಡುವೆ ಮಡಚಿದರೆ ಅಂಗೈಯಲ್ಲಿ ಅಡಗುವಷ್ಟು ಪುಟ್ಟದು. ಕಪ್ಪಗೆ ನುಣ್ಣಗೆ ಮುದ್ದಾಗಿದೆ.

"ಇದರ ಕವರೆಲ್ಲಿ?" ಎಂದೆ.

"ಶೋಕೇಸಲ್ಲಿ ಇಟ್ಟಿದ್ದ ಪೀಸ್ ಕಣೇ, ಕವರ್ ಕಳೆದುಹೋಗಿದೆಯಂತೆ. ಕಣ್ಣಿಗಿಟ್ಟು ನೋಡು ಮೊದ್ಲು. ಹಡಗು ಎಷ್ಟು ಹತ್ರ ಬರುತ್ತೆ ಅಂತ."

"ಕವರಿಲ್ದೆ ಹೇಗ್ರೀ ಉಪಯೋಗಿಸೋದು?"

ರಾಯರು ನಕ್ಕರು. ನಾನು ನಗಲಿಲ್ಲ. ಅವರ ಹಳೆಯ ಪಂಚೆಯ ಮೆತ್ತನೆಯ ತುಂಡೊಂದರಲ್ಲಿ ಅದನ್ನು ಸುತ್ತಿಸಿ ಸ್ಟೀಲು ಡಬ್ಬಿಯೊಳಗೆ ಇಡಿಸಿದೆ.

೧೪ ಫೆಬ್ರವರಿ, ಗುರುವಾರ

ಮಲಗಿದವಳಿಗೆ ಊರೇ ಬೇರೆ ಥರ ಕಾಣುತ್ತದೆ. ಅರ್ಧ ಆಕಾಶ, ಅರ್ಧ ಕಾಲುವೆ. ದೊಡ್ಡ ಸರಕು ಹಡಗುಗಳು ರೇಗನ್ಸ್‌ಬರ್ಗಿನ ಹಳೆಯ ಕಲ್ಲುಸೇತುವೆಯ ಕೆಳಗೆ ನುಗ್ಗಲಾರವು. ಅದಕ್ಕೆ ಡಾನ್ಯೂಬ್ ನದಿಯನ್ನು ಬಿಟ್ಟು, ಊರನ್ನು ಬಳಸಿಕೊಂಡು ನಮ್ಮ ಕಿಟಕಿಯ ಕೆಳಗೆ ಬರುತ್ತವೆ. ಇಲ್ಲಿ ಶ್ಲೊಯ್ಸ ಇದೆ, ಎಂದರೆ ಎರಡು ಕಡೆ ಗೇಟು ಹಾಕಿದ ನೀರಿನ ಕೋಣೆ. ಹಡಗು ಒಳಗೆ ಬಂದ ಮೇಲೆ ಹಿಂದಿನ ಗೇಟು ಮುಚ್ಚುತ್ತದೆ. ಆಮೇಲೆ ಯಾರಿಗೂ ಅವಸರವಿಲ್ಲ. ಹಡಗು ಸದ್ದಿಲ್ಲದೆ ಇಳಿಯುತ್ತಾ ಇಳಿಯುತ್ತಾ ಬರೀ ಬಾವುಟ ಉಳಿಯುತ್ತದೆ. ನೋಡುತ್ತಾ ನೋಡುತ್ತಾ ನನಗೆ ನಿದ್ದೆ ಹತ್ತುತ್ತದೆ, ಎದ್ದಾಗ ಕೋಣೆ ಖಾಲಿ.

ಅಮ್ಮನಿಗೆ ಫೋನು ಮಾಡಿದೆ. ಗ್ರೀನ್ ಕಾರ್ಡ್ ಎಂದ ಕೂಡಲೇ ಬೀದಿಗೆಲ್ಲ ಮಗಳು ಅಮೆರಿಕಕ್ಕೆ ಹೋದಳು ಎಂದು ಹೇಳಿಬಿಟ್ಟವಳು ನಮ್ಮ ಅಮ್ಮ ಕಾಂತಾಮಣಿ. ಜರ್ಮನಿಯಲ್ಲೂ ಆ ಹೆಸರಿನ ಕಾರ್ಡು ಕೊಡುತ್ತಾರೆ ಎಂದು ಅವಳಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

"ಏನೂ ತರಿಸ್ಬೇಡ," ಎಂದಳು. "ಒಂದು ಎಳೆ ದಾರಾನೂ ತರಿಸ್ಬೇಡ. ಹುಟ್ಟಿದ್ಮೇಲೆ ಎಲ್ಲಾ. ಗೊತ್ತಾಯ್ತೇನೇ?"

"ಗೊತ್ತಮ್ಮ."

ಗೊತ್ತಿಲ್ಲದೆ ಏನು? ಹೋದ ಸಲ ಆಸೆ ತಡೆಯಲಾರದೆ ನಾಲ್ಕನೆಯ ತಿಂಗಳಲ್ಲೇ ಒಂದು ಪುಟ್ಟ ಸ್ವೆಟರ್ ತಂದಿಟ್ಟಿದ್ದೆ. ಆಸ್ಪತ್ರೆಯ ಮಂಚದ ಮೇಲೆ ನಾನು ಬರಿಗೈಯಲ್ಲಿ ಮಲಗಿದ್ದಾಗ ಅಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ "ಮೊದ್ಲೇ ತರಬೇಡ ಅಂತ ಅವತ್ತೇ ಬಡ್ಕೊಂಡೆ" ಎಂದಳು. ನೋಯಿಸಬೇಕೆಂದು ಹೇಳಿದ್ದಲ್ಲ, ಸಂಕಟಕ್ಕೆ ಬಂದ ಮಾತು. ಆದರೂ ಅದು ನನ್ನೊಳಗೆ ಕೂತಿದೆ. ಇಷ್ಟು ದೂರ ಬಂದರೂ ಕೂತಿದೆ.

"ಮಲಗಿಕೊಂಡು ಏನ್ ಮಾಡ್ತೀಯ?" ಎಂದು ಕೇಳಿದಳು. ದುರ್ಬೀನಿನ ವಿಷಯ ಹೇಳಿದೆ. "ಕವರಿಲ್ದೆ ಈಚೆಗೆ ತೆಗೀಬೇಡ, ಹಾಳಾಗುತ್ತೆ" ಎಂದಳು. ನೋಡಿ, ನಾನು ಯಾರ ಮಗಳು ಎಂದು ರಾಯರಿಗೆ ಈಗಲಾದರೂ ತಿಳಿಯಬೇಕು.

ನಮ್ಮ ಮನೆಯಲ್ಲಿ ಕವರಿಲ್ಲದೆ ಓಡಾಡುತ್ತಿದ್ದವರು ಮನುಷ್ಯರು ಮಾತ್ರ. ಟಿವಿಗೆ ಕಸೂತಿಯ ಮುಸುಕು, ರಿಮೋಟಿಗೆ ಪ್ಲಾಸ್ಟಿಕ್, ಮಿಕ್ಸಿಗೆ ಝಾಲರಿಯ ಫ್ರಾಕು, ಫ್ರಿಜ್ಜಿನ ಹಿಡಿಗೂ ಬಟ್ಟೆ. ಸ್ಕೂಟರಿನ ಸೀಟಿಗೆ ಒಂದು ಕವರು, ಆ ಕವರು ಕೊಳೆಯಾಗದಿರಲಿ ಎಂದು ಇನ್ನೊಂದು. ತಂದೆಯ ಟ್ರಾನ್ಸಿಸ್ಟರಿಗೆ ಚರ್ಮದ ಅಂಗಿ ಇತ್ತು, ಹಾಡು ಹೊರಗೆ ಬರಲೆಂದು ಅದರ ಎದೆಯ ತುಂಬ ತೂತು. ನಾನು ಚಿಕ್ಕವಳಿದ್ದಾಗ ಆ ತೂತುಗಳಿಗೆ ಮೂಗಿಟ್ಟು ಮಲಗುತ್ತಿದ್ದೆನಂತೆ.

೨೦ ಫೆಬ್ರವರಿ, ಬುಧವಾರ

ರಾಯರು ಊಟದ ಬಿಡುವಿನಲ್ಲಿ ಅಂಗಡಿಗೆ ಹೋಗಿ ಮೊದಲನೆಯ ಕವರು ತಂದರು. ಗಟ್ಟಿ ಡಬ್ಬಿಯಂಥದ್ದು, ಮೇಲೆ ಲಾರಿ ಹೋದರೂ ಏನೂ ಆಗುವುದಿಲ್ಲ ಎಂದು ಅಂಗಡಿಯವರು ಹೇಳಿದರಂತೆ. ಇಟ್ಟು ನೋಡಿದೆ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಒಳಗೆ ದುರ್ಬೀನು ಆ ಗೋಡೆಗೆ ಈ ಗೋಡೆಗೆ ಬಡಿದುಕೊಳ್ಳುತ್ತಿತ್ತು.

"ಇಷ್ಟು ದೊಡ್ಡದರಲ್ಲಿ ಅದು ಒಂಟಿಯಾಗಿಬಿಡುತ್ತೆ," ಎಂದೆ.

"ಒಂಟಿಯಾ? ಬೈನಾಕ್ಯುಲರಾ?"

"ಅಲುಗಾಡುತ್ತೆ ಅಂದೆ. ಅಲುಗಾಡಿದ್ರೆ ಒಳಗಿನ ಗಾಜು ಕದಲುತ್ತೆ. ವಾಪಸು ಕೊಟ್ಬನ್ನಿ."

ಈ ದೇಶದಲ್ಲಿ ಒಂದು ಸುಖ, ಬಿಲ್ಲಿನ ಚೀಟಿ ಇದ್ದರೆ ಕೊಂಡದ್ದನ್ನು ವಾಪಸು ಕೊಡಬಹುದು. ಯಾಕೆ ಎಂದು ಯಾರೂ ಕೇಳುವುದಿಲ್ಲ.

೨೮ ಫೆಬ್ರವರಿ

ಮಧ್ಯಾಹ್ನ ಒಳಗಿನಿಂದ ಯಾರೋ ಬೆರಳಿನಲ್ಲಿ ಬಾಗಿಲು ತಟ್ಟಿದ ಹಾಗಾಯಿತು. ಉಸಿರು ಬಿಗಿ ಹಿಡಿದು ಕಾದೆ. ಮತ್ತೆ ತಟ್ಟಿತು. ಯಾರಿಗೂ ಹೇಳಿಲ್ಲ.

೭ ಮಾರ್ಚ್, ಗುರುವಾರ

ಫ್ಲೇವಿಯಾ ಬಂದಿದ್ದಳು. ಮಂಗಳೂರಿನವಳು, ಎರಡು ಬೀದಿಯಾಚೆ ಮನೆ, ಗಂಡ ಗ್ಲೆನ್ ಕಂಪ್ಯೂಟರ್ ಚಿಪ್ಪು ಮಾಡುವ ಕಾರ್ಖಾನೆಯಲ್ಲಿದ್ದಾನೆ, ಮಗಳು ಅಶ್ಲಿನ್. ವಾರಕ್ಕೊಮ್ಮೆ ಮೀನಿನ ವಾಸನೆಯ ಕೈಚೀಲದಲ್ಲಿ ನನಗಾಗಿ ತರಕಾರಿ ಪಲ್ಯ ತರುತ್ತಾಳೆ. ಬಂದ ಕೂಡಲೇ ಮನೆಯೆಲ್ಲ ಒಂದು ಸುತ್ತು ಹಾಕಿದಳು.

"ಎಂತ ಮಾರಾಯ್ತಿ, ಮಗುವಿಗೆ ಎಂತದೂ ತೆಗೊಳ್ಳಲಿಲ್ವಾ? ಅಶ್ಲಿನ್‌ಳ ತೊಟ್ಟಿಲು ನಮ್ಮ ನೆಲಮಾಳಿಗೆಯ ಕೆಲ್ಲರಲ್ಲಿ ಸುಮ್ಮನೆ ಬಿದ್ದುಕೊಂಡು ಉಂಟು. ಗ್ಲೆನ್ ನಾಳೆ ತಂದು ಇಡ್ತಾರೆ."

"ಬೇಡ ಫ್ಲೇವಿಯಾ. ನಮ್ಮಲ್ಲಿ ಹುಟ್ಟೋಕ್ ಮುಂಚೆ ತರೋದಿಲ್ಲ."

ಅವಳು ವಾದ ಮಾಡಲಿಲ್ಲ. ಆದರೆ ಅವಳ ಕೈ ಸುಮ್ಮನಿರುವ ಕೈಯಲ್ಲ. ಸ್ಟೀಲು ಡಬ್ಬಿ ತೆಗೆದು, ಪಂಚೆ ಬಿಚ್ಚಿ, ನಾನು ಬೇಡ ಬೇಡ ಅನ್ನುವಷ್ಟರಲ್ಲಿ ದುರ್ಬೀನನ್ನು ಕಣ್ಣಿಗಿಟ್ಟುಕೊಂಡಳು.

"ಅಯ್ಯೋ, ಅಲ್ಲಿ ನೋಡು! ಹಡಗಿನಲ್ಲಿ ಒಬ್ಬಳು ಬಟ್ಟೆ ಒಣಗಿಸ್ತಾ ಇದ್ದಾಳೆ!"

ನನ್ನ ಕೈಗೆ ಕೊಟ್ಟಳು. ಇನ್ನೇನು, ಹೇಗೂ ಈಚೆಗೆ ಬಂದಾಗಿದೆ. ಮೊದಲು ಎಲ್ಲ ಮಂಜು, ಆಮೇಲೆ ನಡುವಿನ ಪುಟ್ಟ ಗಾಲಿ ತಿರುಗಿಸಿದ ಹಾಗೆಲ್ಲ ಒಂದು ನೀಲಿ ದುಪ್ಪಟಿ, ಅದನ್ನು ಹಿಡಿದ ಎರಡು ಕೆಂಪು ಕೈ, ಗಾಳಿಗೆ ಹಾರುವ ಕೂದಲು. ಅವಳ ಬಾಯಲ್ಲಿ ಕ್ಲಿಪ್ಪು. ಅವಳ ಹಿಂದೆ ಹಡಗಿನ ಮನೆ, ಕಿಟಕಿಗೆ ಪರದೆ, ಕುಂಡದಲ್ಲಿ ಹೂವು, ಮೇಲೆ ಒಂದು ಕಾರು ಕೂಡ. ಇಡೀ ಸಂಸಾರ ನೀರಿನ ಮೇಲೆ ಹೋಗುತ್ತಿತ್ತು. ನೋಡುತ್ತಿದ್ದಂತೆ ಅವಳು, ದುಪ್ಪಟಿ, ಹೂವು, ಎಲ್ಲ ಮೆಲ್ಲಗೆ ಇಳಿಯತೊಡಗಿದವು. ಅವಳಿಗೆ ಅದರ ಪರಿವೆಯೇ ಇರಲಿಲ್ಲ, ಕ್ಲಿಪ್ಪು ಹಾಕುತ್ತಲೇ ಇದ್ದಳು.

ಫ್ಲೇವಿಯಾ ಹೋದ ಮೇಲೆ ಗಾಜನ್ನು ಚೆನ್ನಾಗಿ ಒರೆಸಿ ಸುತ್ತಿಟ್ಟೆ. ಅವಳ ಬೆರಳಿನ ಗುರುತು ಬಿದ್ದಿತ್ತು. ಕೋಪ ಬಂದಿತ್ತು, ಈಗ ಇಲ್ಲ.

೧೫ ಮಾರ್ಚ್, ಶುಕ್ರವಾರ

ಎರಡನೆಯ ಕವರು ಮೆತ್ತನೆಯ ಚೀಲ, ಈಜುಡುಗೆಯ ಬಟ್ಟೆಯದು. ಇದರಲ್ಲಿ ಅಲುಗಾಡುವುದಿಲ್ಲ ನಿಜ. ಆದರೆ ಎಷ್ಟು ಬಿಗಿ ಎಂದರೆ ಕುತ್ತಿಗೆಯ ದಾರಕ್ಕೆ ಜಾಗವಿಲ್ಲ, ಅದನ್ನು ತುರುಕಿದರೆ ಗಾಜಿಗೆ ಒತ್ತುತ್ತದೆ. ತೆಗೆಯುವಾಗ ಎಳೆದಾಡಬೇಕು. ಎಳೆದಾಡಿ ಈಚೆಗೆ ತರುವಂಥದ್ದು ನನಗೆ ಬೇಡ.

ಈಗ ನನಗೇ ಒಂದು ಅಂದಾಜು ಬಂದಿದೆ. ಹೊರಗೆ ಗಟ್ಟಿಯಾಗಿರಬೇಕು, ಒಳಗೆ ಮೆತ್ತಗಿರಬೇಕು. ಆತುಕೊಂಡಿರಬೇಕು, ಅಮುಕಬಾರದು. ನೀರು ಒಳಗೆ ಹೋಗಬಾರದು, ಹಾಗೆಂದು ಉಸಿರು ಕಟ್ಟಿದ ಹಾಗೂ ಇರಬಾರದು, ತೇವ ಸೇರಿಕೊಂಡರೆ ಗಾಜಿನೊಳಗೆ ಬೂಷ್ಟು ಹಿಡಿಯುತ್ತದಂತೆ. ಮೈಗೆ ಕಟ್ಟಿಕೊಂಡು ನಡೆಯುವ ಹಾಗಿರಬೇಕು. ತೆಗೆದಾಗ ಸದ್ದಾಗಬಾರದು. ರಾಯರಿಗೆ ಇಷ್ಟು ಹೇಳಿದೆ. ಅವರು ಕಂಪ್ಯೂಟರಿನವರಲ್ಲವೇ, ಬಹಳ ಗಂಭೀರವಾಗಿ ತಲೆಯಾಡಿಸಿದರು.

ಇವತ್ತು ಹೆಬಾಮೆ ಬಂದಿದ್ದರು. ಇಲ್ಲಿ ಸೂಲಗಿತ್ತಿ ಮನೆಗೇ ಬಂದು ನೋಡಿಕೊಂಡು ಹೋಗುತ್ತಾರೆ. ಫ್ರೌ ಲೇನರ್, ಬೆಳ್ಳಗಿನ ಗಿಡ್ಡ ಕೂದಲು, ಸೈಕಲ್ಲಿನಲ್ಲಿ ಬರುತ್ತಾರೆ. ಹೊಟ್ಟೆ ಮುಟ್ಟಿ ನೋಡಿ, ಒಳ್ಳೆಯದು ಒಳ್ಳೆಯದು ಎಂದರು. ಆಮೇಲೆ ಸುತ್ತ ನೋಡಿ, ಮಗುವಿಗೆ ಏನೇನು ತಂದಿದ್ದೀರಿ ಎಂದು ಕೇಳಿದರು. ನನ್ನ ಹಾಸಿಗೆಯ ತುಂಬ ಹರಡಿದ್ದದ್ದು ದುರ್ಬೀನು ಕವರುಗಳ ಕ್ಯಾಟಲಾಗು, ಅದರಲ್ಲಿ ಪೆನ್ಸಿಲಿನ ಗುರುತು. ರಾಯರು ನೆಲ ನೋಡಿದರು. ನಾನೇ ಹರುಕು ಮುರುಕು ಜರ್ಮನ್‌ನಲ್ಲಿ ನಮ್ಮ ಪದ್ಧತಿ ಹೇಳಿದೆ.

ಅವರು ಒಂದು ಪುಟ ತಿರುವಿ ನೋಡಿದರು. "ಸರಿ," ಎಂದರು. "ಆಸ್ಪತ್ರೆಯಿಂದ ಮನೆಗೆ ಬರುವಾಗ ಮಗು ಏನು ಹಾಕಿಕೊಂಡು ಬರುತ್ತದೆ?"

"ಹುಟ್ಟಿದ ದಿನ ಯಾರಾದರೂ ಅಂಗಡಿಗೆ ಓಡುತ್ತಾರೆ."

"ಭಾನುವಾರ ಹುಟ್ಟಿದರೆ?"

ಭಾನುವಾರ ಈ ದೇಶದಲ್ಲಿ ಒಂದು ಸೂಜಿಯೂ ಸಿಗುವುದಿಲ್ಲ. ಮೈಸೂರಿನಲ್ಲಾದರೆ ಚಿಕ್ಕಮ್ಮ ಅಂಗಡಿಯವನ ಮನೆಯ ಕದ ತಟ್ಟಿಯಾದರೂ ತರುತ್ತಿದ್ದಳು. ಪದ್ಧತಿ ಮಾಡಿದ ನಮ್ಮ ಹಿರಿಯರಿಗೆ ಜರ್ಮನಿಯ ಭಾನುವಾರ ಗೊತ್ತಿರಲಿಲ್ಲ.

೨೭ ಮಾರ್ಚ್, ಬುಧವಾರ

ಭಾನುವಾರ ರಕ್ತ ಕಂಡಿತು. ಆಸ್ಪತ್ರೆಯಲ್ಲಿದ್ದು ಇವತ್ತು ಮನೆಗೆ ಬಂದೆ.

ಏನೂ ಆಗಿಲ್ಲ. ಏನೂ ಆಗಿಲ್ಲ ಎಂದು ಇನ್ನೊಮ್ಮೆ ಬರೆಯುತ್ತೇನೆ. ಹೊಟ್ಟೆಗೆ ಪಟ್ಟಿ ಕಟ್ಟಿ ಎದೆಬಡಿತ ಕೇಳಿಸಿದರು. ನಮ್ಮ ಮೈಸೂರಿನಲ್ಲಿ ಬೆಳಗಿನ ಖಾಲಿ ರಸ್ತೆಯಲ್ಲಿ ಟಾಂಗಾ ಕುದುರೆ ಓಡಿದ ಹಾಗೆ. ಅದು ನಿಲ್ಲುವುದೇನೋ ಎಂದು ನಾನು ಕಣ್ಣು ಮುಚ್ಚದೆ ಕೇಳಿದೆ. ನಿಲ್ಲಲಿಲ್ಲ, ಓಡುತ್ತಲೇ ಇತ್ತು.

ರಾಯರು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಕಾಗದದ ಕರವಸ್ತ್ರದ ಮೇಲೆ ಏನೋ ಗೀಚುತ್ತಿದ್ದರು. ನೋಡಿದರೆ ದುರ್ಬೀನಿನ ಕವರು! ಉದ್ದ, ಅಗಲ, ಬಟನ್ನು, ಎಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ಇಂಥಾ ಹೊತ್ತಲ್ಲಿ ನಿಮಗೆ ಕವರಿನ ಯೋಚ್ನೇನಾ?"

ಅವರು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು. "ಮಗೂಗೆ ಅಂತ ಏನೂ ತರೋ ಹಾಗಿಲ್ಲ ಪ್ರೇಮಾ. ಇದನ್ನಾದ್ರೂ ತರ್ತೀನಿ" ಎಂದರು. ಕಣ್ಣು ಕೆಂಪಾಗಿತ್ತು.

ಎರಡಕ್ಕೂ ಎತ್ತಣ ಸಂಬಂಧ ಎಂದು ಬೈದೆ. ಆಮೇಲೆ ಪಾಪ ಅನ್ನಿಸಿ ಅವರ ಕೈ ಹಿಡಿದುಕೊಂಡೆ. ಕೈ ತಣ್ಣಗಿತ್ತು.

೧ ಏಪ್ರಿಲ್, ಸೋಮವಾರ

ಈಸ್ಟರ್ ರಜೆ. ನಿನ್ನೆಯಿಂದ ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸಿದ್ದಾರೆ, ಬೆಳಕು ಸಂಜೆಯ ಕಡೆಗೆ ಸರಿದುಕೊಂಡಿದೆ. ಎಲ್ಲೆಲ್ಲೂ ಚರ್ಚಿನ ಗಂಟೆಯ ಸದ್ದು.

ಇವತ್ತು ಬಹಳ ಹೊತ್ತು ನೋಡಿದೆ. ಒಂದು ಹಡಗಿನ ಮೇಲೆ ಕಂಬಿಯ ಬೇಲಿ ಕಟ್ಟಿದ್ದರು, ಒಳಗೆ ಮರಳಿನ ತೊಟ್ಟಿ, ಒಂದು ಜಾರುಬಂಡೆ. ಹೆಣ್ಣು ಮಗುವೊಂದು ಕಿತ್ತಳೆ ಬಣ್ಣದ ತೇಲುವ ಅಂಗಿ ತೊಟ್ಟು ಮರಳು ತೋಡುತ್ತಿತ್ತು. ಸುತ್ತಲೂ ಆಳದ ನೀರು. ಆ ಮಗುವಿಗೆ ಅದೇ ಅಂಗಳ. ತಾಯಿ ಒಂದು ಸಲ ಬಾಗಿಲಿಂದ ಇಣುಕಿ ನೋಡಿ ಒಳಗೆ ಹೋದಳು. ಅಷ್ಟೇ! ಮತ್ತೆ ಬರಲಿಲ್ಲ. ಹಡಗು ಏರಿ, ಗೇಟು ತೆರೆದು, ದೂರ ಹೋಗುವವರೆಗೂ ನಾನೇ ಆ ಮಗುವನ್ನು ಕಾಯುತ್ತಾ ಮಲಗಿದ್ದೆ.

ಬಾವುಟ ಹಾಲೆಂಡಿನದೆಂದು ರಾಯರು ಹೇಳಿದರು. ಎಲ್ಲಿಯ ಹಾಲೆಂಡು.

೧೮ ಏಪ್ರಿಲ್, ಗುರುವಾರ

ಮಧ್ಯಾಹ್ನದ ಕನಸು. ನಾನು ಶ್ಲೊಯ್ಸ ಕೋಣೆಯೊಳಗೆ ನೀರಿನ ಮೇಲೆ ಮಲಗಿದ್ದೇನೆ, ಸೀರೆ ನೆನೆದಿಲ್ಲ. ಹಿಂದಿನ ಗೇಟು ಮುಚ್ಚಿದೆ, ಮುಂದಿನದು ತೆರೆದಿಲ್ಲ. ಗೋಡೆಯ ಮೇಲೆ ಅಮ್ಮ ನಿಂತಿದ್ದಾಳೆ, ಕೈಯಲ್ಲಿ ಮಿಕ್ಸಿಯ ಫ್ರಾಕು. "ಇದು ಸಾಕಾಗುತ್ತೇನೇ?" ಎಂದು ಕೇಳುತ್ತಾಳೆ. ಸಾಕಾಗುತ್ತೆ ಎಂದು ನಾನು ಹೇಳುವಷ್ಟರಲ್ಲಿ ನೀರು ಇಳಿಯತೊಡಗುತ್ತದೆ. ಭಯವಾಗಲಿಲ್ಲ. ಇಳಿದಷ್ಟೂ ತಂಪು. ಎದ್ದಾಗ ಹೊಟ್ಟೆಯ ಎಡಗಡೆ ಒಂದು ಹಿಮ್ಮಡಿಯೋ ಮೊಣಕೈಯೋ ಉಬ್ಬಿಕೊಂಡಿತ್ತು. ಅದರ ಮೇಲೆ ಕೈಯಿಟ್ಟೆ, ಒಳಕ್ಕೆ ಸರಿದುಕೊಂಡಿತು. ರಾಯರು ಬಂದ ಮೇಲೆ ಅವರಿಗೂ ತೋರಿಸಿದೆ. ಅವರು ಕೈಯಿಟ್ಟಾಗ ಸುಮ್ಮನಿದ್ದು, ತೆಗೆದ ಕೂಡಲೇ ಒದೆಯಿತು. ಅಪ್ಪನನ್ನು ಆಟ ಆಡಿಸುವುದು ಈಗಲೇ ಕಲಿತಿದೆ.

೨೨ ಏಪ್ರಿಲ್

ಹಾಲೆಂಡಿನ ಹಡಗು ಇವತ್ತೂ ಬರಲಿಲ್ಲ.

೬ ಮೇ, ಸೋಮವಾರ

ಡಾಕ್ಟರಮ್ಮ ನಕ್ಕರು. ಇನ್ನು ಮೇಲೆ ಮಗು ಅವಸರ ಮಾಡಿ ಬಂದರೂ ಉಳಿಸಿಕೊಳ್ಳುತ್ತೇವೆ, ಆದರೆ ಮಲಗಿಕೊಂಡೇ ಇರಿ ಎಂದರು. ಹೋದ ಸಲದ ಗಡಿ ಯಾವಾಗಲೋ ದಾಟಿಬಿಟ್ಟಿದೆ. ನಾನು ಅದನ್ನು ದಾಟಿದ ದಿನ ಇಲ್ಲಿ ಏನು ಬರೆದಿದ್ದೆ ಎಂದು ಹಿಂದಕ್ಕೆ ತಿರುವಿ ನೋಡಿದೆ. ಈಜುಡುಗೆ ಬಟ್ಟೆಯ ಕವರಿನ ವಿಷಯ ಬರೆದಿದ್ದೆ. ನನ್ನ ತಲೆಗಿಷ್ಟು!

ಮೂರನೆಯ ಕವರು ಬಂದಿದೆ. ಚರ್ಮದ್ದು, ನೋಡಲು ಲಕ್ಷಣವಾಗಿದೆ, ಮೂಗಿಗಿಟ್ಟರೆ ತಂದೆಯ ಟ್ರಾನ್ಸಿಸ್ಟರಿನ ವಾಸನೆ. ಬಹಳ ಆಸೆಯಾಯಿತು. ಆದರೆ ಬಾಯಿಗೆ ಲೋಹದ ಜಿಪ್ಪು, ಪ್ರತಿ ಸಲ ಒಳಗಿಡುವಾಗ ಹೊರಗೆ ತೆಗೆಯುವಾಗ ಮೈಗೆ ಗೀರುತ್ತದೆ.

"ಇದನ್ನೂ ವಾಪಸು ಕೊಟ್ರೆ ಆ ಅಂಗಡಿ ಅಮ್ಮ ನನ್ನ ಒಳಗೆ ಸೇರಿಸಲ್ಲ," ಎಂದರು ರಾಯರು. "ಮೊನ್ನೆ ಕೇಳಿದ್ರು. ನಿಮ್ಮ ಹೆಂಡತಿ ಇದನ್ನ ಎಲ್ಲಿ ಉಪಯೋಗಿಸ್ತಾರೆ? ಬೆಟ್ಟದಲ್ಲೋ, ಕಾಡಲ್ಲೋ?"

"ನೀವೇನಂದ್ರಿ?"

"ಹಾಸಿಗೇಲಿ ಅಂದೆ."

ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುವಾಗ ಹೊಟ್ಟೆ ಹಿಡಿದುಕೊಳ್ಳುವುದು ಈಗ ನನಗೆ ಬರೀ ಮಾತಲ್ಲ, ನಿಜವಾಗಿ ಎರಡು ಕೈಯಲ್ಲಿ ಹಿಡಿಯಬೇಕು. ಮುಂದಿನ ಸಲ ನಾನೇ ಅಂಗಡಿಗೆ ಬಂದು ಆರಿಸುತ್ತೇನೆ ಎಂದು ಹೇಳಿ ಕಳಿಸಿದ್ದೇನೆ.

೨೬ ಮೇ, ಭಾನುವಾರ

ಹಾಲೆಂಡಿನ ಹಡಗು ಬಂತು! ಕಿತ್ತಳೆ ಅಂಗಿಯ ಮಗು ಈಗ ಮೂರು ಚಕ್ರದ ಸೈಕಲ್ಲು ಹೊಡೆಯುತ್ತಿದೆ. ಇಷ್ಟು ತಿಂಗಳು ನೀರಿನ ಮೇಲೆಯೇ ಓಡಾಡಿದೆ, ಬಿದ್ದಿಲ್ಲ. ಕಿಟಕಿಯಿಂದ ಕೈ ಬೀಸಿದೆ. ಅದಕ್ಕೆ ಹೇಗೆ ಕಾಣಬೇಕು. ಆದರೂ ಬೀಸಿದೆ.

ಅಮ್ಮನ ವೀಸಾ ಆಗಿದೆ. ಹೆರಿಗೆಯಾದ ಮೇಲೆ ಬರುತ್ತಾಳೆ, ಮೆಂತ್ಯದ ಹಿಟ್ಟು, ಅಂಟಿನುಂಡೆ, ಲೋಬಾನ ಎಲ್ಲ ಕಟ್ಟಿಕೊಳ್ಳುತ್ತಿದ್ದಾಳಂತೆ. ವಿಮಾನದಲ್ಲಿ ಲೋಬಾನ ಹೊತ್ತಿಸಿಬಿಡುತ್ತಾಳೇನೋ ಎಂದು ರಾಯರಿಗೆ ದಿಗಿಲು. ಫೋನು ಇಡುವಾಗ ಮತ್ತೆ ಅದೇ ಮಾತು: "ಏನೂ ತಂದಿಲ್ಲ ತಾನೇ?"

"ಇಲ್ಲಮ್ಮ."

ಇದು ನಿಜ. ಆದರೆ ಎಲ್ಲರ ಮಗುವಿಗೂ ಏನೋ ಒಂದು ಕಾದಿರುತ್ತದೆ. ನಮ್ಮದಕ್ಕೆ ಕಾದಿರುವುದು ಬರೀ ನಾವಿಬ್ಬರು.

೪ ಜೂನ್, ಮಂಗಳವಾರ

ಎದ್ದು ಓಡಾಡಬಹುದು ಎಂದರು! ಇನ್ನು ಯಾವಾಗ ಬಂದರೂ ಚಿಂತೆಯಿಲ್ಲವಂತೆ. ಡಾಕ್ಟರಮ್ಮನ ಕೈ ಕುಲುಕುವ ಬದಲು ಅಭ್ಯಾಸಬಲದಿಂದ ಕೈ ಮುಗಿದುಬಿಟ್ಟೆ, ಅವರೂ ಮುಗಿದರು.

ಮನೆಗೆ ಬಂದು ಊಟ ಮುಗಿಸಿದ ಮೇಲೆ ಫ್ಲೇವಿಯಾಳ ಕಾರಿನಲ್ಲಿ ಪೇಟೆಗೆ ಹೊರಟೆ, ಕವರು ಆರಿಸುವುದಕ್ಕೆ. ನನ್ನ ಕಾಲುಗಳು ನನ್ನವೇ ಅನ್ನಿಸಲಿಲ್ಲ. ಹಳೆಯ ಪೇಟೆಯ ಓಣಿಯಲ್ಲಿ ಕಲ್ಲುಹಾಸಿನ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ ನಡೆದೆ. ಇಷ್ಟು ದಿನ ಮೇಲಿನಿಂದ ಗಾಜಿನಲ್ಲಿ ನೋಡಿದ ಜನ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ಒಬ್ಬ ಹುಡುಗಿಯ ಐಸ್‌ಕ್ರೀಮ್ ಕರಗಿ ಮಣಿಕಟ್ಟಿಗೆ ಇಳಿಯುತ್ತಿತ್ತು. ಬಿಸಿಲು ನನ್ನ ಬೆನ್ನಿನ ಮೇಲೆ ಬಿದ್ದಿತ್ತು. ಅಳು ಬಂತು, ಸುಮ್ಮನೆ, ಸಂತೋಷಕ್ಕೆ.

ಅಂಗಡಿಯ ಅಮ್ಮ ನನ್ನನ್ನು ಕಂಡ ಕೂಡಲೇ ಗುರುತು ಹಿಡಿದರು. "ಹಾಸಿಗೆಯಲ್ಲಿ ಉಪಯೋಗಿಸುವವರು!" ಎಂದು ಕೂರಿಸಿ, ಒಳಗಿನಿಂದ ಒಂದು ಕವರು ತಂದರು. ಕಡು ಹಸಿರು. ಹೊರಗೆ ಗಟ್ಟಿ, ಒಳಗೆ ಮಖಮಲ್ಲು. ಜಿಪ್ಪಿಲ್ಲ, ಮುಚ್ಚಳಕ್ಕೆ ಸದ್ದಿಲ್ಲದ ಗುಂಡಿ. ದಾರಕ್ಕೆ ಬೇರೆಯೇ ಜಾಗ. ಸೊಂಟಕ್ಕೂ ಕಟ್ಟಬಹುದು, ಹೆಗಲಿಗೂ ಹಾಕಬಹುದು. ನಾನು ಕೇಳಿದ್ದರಲ್ಲಿ ಒಂದೂ ಬಿಟ್ಟುಹೋಗಿರಲಿಲ್ಲ.

"ದುರ್ಬೀನು ಕೊಡಿ, ಹಾಕಿ ನೋಡೋಣ," ಎಂದರು.

ಆಗ ನೆನಪಾಯಿತು. ತಂದೇ ಇಲ್ಲ. ಬೆಳಿಗ್ಗೆ ನೋಡಿ ಹಾಗೇ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಬಂದಿದ್ದೆ. ಪಂಚೆಯೂ ಸುತ್ತಿರಲಿಲ್ಲ. ಆ ಪಂಚೆ ಎಲ್ಲಿದೆಯೋ, ಎಷ್ಟು ದಿನವಾಯಿತೋ. ನಾಳೆ ತರುತ್ತೇನೆ ಎಂದು ಹೇಳಿ ಎದ್ದೆ. ಫ್ಲೇವಿಯಾ ಬಾಯಿ ತೆರೆದು ನನ್ನನ್ನೇ ನೋಡಿದಳು.

ಪಕ್ಕದ ಅಂಗಡಿಯ ಹೊರಗೆ ಬುಟ್ಟಿಯಲ್ಲಿ ಮಕ್ಕಳ ಟೋಪಿಗಳಿದ್ದವು. ಸುಮ್ಮನೆ ಕೈ ಹಾಕಿದೆ. ಒಂದನ್ನು ಮುಷ್ಟಿಗೆ ಹಾಕಿ ನೋಡಿದೆ, ನನ್ನ ಮುಷ್ಟಿಗಿಂತ ಒಂದಿಷ್ಟು ದೊಡ್ಡದು, ಅಷ್ಟೇ. ಮೆತ್ತಗಿನ ಹತ್ತಿ, ಗಲ್ಲದ ಕೆಳಗೆ ಕಟ್ಟಲು ಎರಡು ಲಾಡಿ. ಮುಷ್ಟಿಯನ್ನು ಆ ಕಡೆ ಈ ಕಡೆ ತಿರುಗಿಸಿದೆ. ಟೋಪಿ ನನ್ನ ಕಡೆಗೆ ನೋಡಿತು. ಒಳಗೆ ಹೋಗಿ ದುಡ್ಡು ಕೊಟ್ಟೆ. ಚೀಲ ಬೇಕೇ ಎಂದರು, ಬೇಡ ಎಂದೆ, ಕೈಯಲ್ಲೇ ಹಿಡಿದುಕೊಂಡು ಬಂದೆ. ಫ್ಲೇವಿಯಾ ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿ ಒಂದು ಸಲ ನನ್ನ ತಲೆ ಸವರಿದಳು.

ಮನೆಗೆ ಬಂದು ಟೋಪಿಯನ್ನು ಹಾಸಿಗೆಯ ಮೇಲಿಟ್ಟೆ. ಇದೇನು ಮಾಡಿಬಿಟ್ಟೆ? ಹೊಟ್ಟೆಯ ಮೇಲೆ ಕೈಯಿಟ್ಟು ಕೂತೆ. ಒದೆಯಿತು. ಮತ್ತೆ ಒದೆಯಿತು. ರಾಯರು ಬರುವವರೆಗೂ ತಡೆಯಲು ಆಗಲಿಲ್ಲ, ಅಮ್ಮನಿಗೆ ಫೋನು ಮಾಡಿಬಿಟ್ಟೆ. ಸುಳ್ಳು ಹೇಳಿಕೊಂಡು ಹೆರಲು ನನ್ನಿಂದಾಗದು.

"ಅಮ್ಮಾ, ಒಂದು ಟೋಪಿ ತಂದೆ."

ಆ ಕಡೆ ಎಲ್ಲೋ ಕುಕ್ಕರು ಕೂಗಿದ್ದು ಕೇಳಿಸಿತು. ಆಸ್ಪತ್ರೆಯಲ್ಲಿ ಆಡಿದ ಆ ಮಾತು ಈಗ ಬರುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ.

"ಅಮ್ಮಾ? ಕೇಳಿಸ್ತಾ?"

"ಕೇಳಿಸ್ತು." ಮೂಗು ಏರಿಸಿಕೊಂಡ ಸದ್ದು. "ಕಿವಿ ಮುಚ್ಚುತ್ತೇನೇ ಅದು?"

ಟೋಪಿಯನ್ನು ಮತ್ತೆ ಮುಷ್ಟಿಗೆ ಹಾಕಿಕೊಂಡು ನೋಡಿದೆ.

"ಮುಚ್ಚುತ್ತಮ್ಮ. ಎರಡು ಕಿವೀನೂ ಮುಚ್ಚುತ್ತೆ."

"ಹಾಗಾದ್ರೆ ನಾಳೆ ಹೋಗಿ ಇನ್ನೊಂದು ತಗೊಂಡ್ಬಾ," ಎಂದಳು ಅಮ್ಮ. "ಅದು ಒಗೆದು ಹಾಕಿದಾಗ ಮಗು ತಲೆಗೆ ಏನೇ ಹಾಕ್ತೀಯ?"